ಬಾಗಿಲು ತೆಗೆಯುವ ದಿನಾಂಕ ತಿಳಿಸಿ

ನಮ್ಮ ಕಣಿವೆಯ ಪ್ರಾದೇಶಿಕ ಪರಿಷತ್ತಿನ ಸದಸ್ಯರಿಗೆ,

ಮಾನ್ಯರೇ,

ಇಟಲಿಯ ಆಲ್ಪ್ಸ್ ತಪ್ಪಲಿನಲ್ಲಿ ಹದಿನಾರು ವರ್ಷಗಳಿಂದ ನೆಲೆಸಿರುವ ಕನ್ನಡತಿ ನಾನು. ಈ ಪತ್ರದ ಇಟಾಲಿಯನ್ ಪ್ರತಿ ನಿಮ್ಮ ಕಚೇರಿಗೆ ತಲುಪಿದೆ. ಹಿಂದಿನ ನಾಲ್ಕು ಮನವಿಗಳಿಗೆ ಉತ್ತರ ಬಾರದ ಕಾರಣ, ನನ್ನ ಭಾಷೆಯವರೂ ಓದಲೆಂದು ಕನ್ನಡದಲ್ಲೂ ಪ್ರಕಟಿಸುತ್ತಿದ್ದೇನೆ. ಕೋರಿಕೆ ಒಂದೇ: ನಮ್ಮೂರ ಮೇಲಿನ ಕೋಟೆಯ ಬಾಗಿಲು ತೆಗೆಸಿ.

ಕಳೆದ ವರ್ಷ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ಶನಿವಾರ ಹತ್ತು ಗಂಟೆಗೆ ಕೋಟೆ ತೆರೆದಿರುತ್ತದೆಂದು ಕಚೇರಿಯೊಂದು ಲಿಖಿತವಾಗಿ ತಿಳಿಸಿದ್ದರಿಂದ, ಎಪ್ಪತ್ನಾಲ್ಕರ ಅವರು ಮಂಡಿನೋವು ನುಂಗಿಕೊಂಡು ಒಂದೂವರೆ ಗಂಟೆ ಗುಡ್ಡ ಹತ್ತಿದರು. ಬಾಗಿಲಿಗೆ ಬೀಗ. ಮಳೆಯಲ್ಲಿ ನಿಂತೇ ಫೋನ್ ಮಾಡಿದಾಗ, ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದಾರೆ ಎಂಬ ಉತ್ತರ ಬಂತು. "ಇಷ್ಟು ದೊಡ್ಡ ಕೋಟೆಗೆ ಒಂದೇ ಬೀಗದ ಕೈಯೇನೇ?" ಎಂದು ಅಮ್ಮ ಕೇಳಿದರು. ನನಗೆ ಮುಖವೆತ್ತಲಾಗಲಿಲ್ಲ.

ಮರುವಾರ ಅವರನ್ನು ಅಯೋಸ್ತಾ ಕಣಿವೆಯ ಬಾರ್ಡ್ ಕೋಟೆಗೆ ಕರೆದೊಯ್ದೆ. 1800ರ ಮೇ ತಿಂಗಳಲ್ಲಿ ಸುಮಾರು 400 ಆಸ್ಟ್ರಿಯನ್ ಸೈನಿಕರು ಅಲ್ಲಿ ನೆಪೋಲಿಯನ್ನನ ದಂಡನ್ನು ಹೆಚ್ಚುಕಡಿಮೆ ಎರಡು ವಾರ ತಡೆದಿದ್ದರು. ಆ ದಂಡು ಚಕ್ರಗಳಿಗೆ ಹುಲ್ಲು ಸುತ್ತಿ, ಬೀದಿಗೆ ಗೊಬ್ಬರ ಹರಡಿ, ಸದ್ದಾಗದಂತೆ ಇರುಳಿನಲ್ಲಿ ಫಿರಂಗಿಗಳನ್ನು ದಾಟಿಸಬೇಕಾಯಿತು. ನೆಪೋಲಿಯನ್ ನೆಲಸಮ ಮಾಡಿಸಿದ ಕೋಟೆಯನ್ನು ಆ ಪ್ರದೇಶವನ್ನಾಳುತ್ತಿದ್ದ ಸವಾಯ್ ಮನೆತನದ ಅರಸರು 1830ರಿಂದ 1838ರೊಳಗೆ ಮತ್ತೆ ಕಟ್ಟಿಸಿದರು. ಮುಂದೆ ಅದು ಸೆರೆಮನೆಯಾಯಿತು, ಮದ್ದುಗುಂಡಿನ ಉಗ್ರಾಣವಾಯಿತು, 1975ರಲ್ಲಿ ಸೇನೆ ಅದನ್ನು ಕೈಬಿಟ್ಟಿತು. 1990ರಲ್ಲಿ ಪ್ರಾದೇಶಿಕ ಸರ್ಕಾರ ಅದನ್ನು ವಶಕ್ಕೆ ಪಡೆದು, ದುರಸ್ತಿ ಮಾಡಿಸಿ, 2006ರಲ್ಲಿ ಜನರಿಗೆ ತೆರೆಯಿತು. ಇಂದು ಅಲ್ಲಿ ಆಲ್ಪ್ಸ್ ವಸ್ತುಸಂಗ್ರಹಾಲಯವಿದೆ, ಕಲಾಪ್ರದರ್ಶನಗಳು ನಡೆಯುತ್ತವೆ, ಹಳೆಯ ಸೆರೆಕೋಣೆಗಳಲ್ಲೇ ಕೋಟೆಯ ಇತಿಹಾಸವನ್ನು ಕಾಣಬಹುದು. ಅಮ್ಮ ಗಾಜಿನ ಲಿಫ್ಟಿನಲ್ಲಿ ಮೇಲೇರಿ, ಮಧ್ಯಾಹ್ನವಿಡೀ ನೋಡಿದರು.

ಪರಂಪರೆಯನ್ನು ಕಾಪಾಡಬೇಕೆನ್ನುವ ಇಟಲಿ ಸಂವಿಧಾನದ 9ನೆಯ ವಿಧಿಯನ್ನೂ 2004ರ ಪರಂಪರೆ ಸಂಹಿತೆಯನ್ನೂ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಬಾರ್ಡ್‌ನಂಥ ದುಡ್ಡು ನಮ್ಮಲ್ಲಿಲ್ಲ ಎನ್ನಬೇಡಿ. ನಾನು ಲಿಫ್ಟು ಕೇಳಿಲ್ಲ, ವಸ್ತುಸಂಗ್ರಹಾಲಯವನ್ನೂ ಕೇಳಿಲ್ಲ. ಗೋಡೆಗಳ ನಡುವೆ ಮರ ಬೆಳೆದು ಕಲ್ಲು ಕಳಚುತ್ತಿದೆ, ನಮ್ಮೂರ ಮಕ್ಕಳು ತಮ್ಮ ಕೋಟೆಯ ಒಳಗನ್ನೇ ಕಂಡಿಲ್ಲ. ಇನ್ನೆಷ್ಟು ಮನವಿ ಬರೆಯಬೇಕು? ವಾರಕ್ಕೊಂದು ದಿನವಾದರೂ ಬಾಗಿಲು ತೆಗೆಸಿ. ಎಂದಿನಿಂದ ಎಂಬುದನ್ನು ಲಿಖಿತವಾಗಿ ತಿಳಿಸಿ. ಬೇಸಿಗೆಗೆ ಅಮ್ಮ ಮತ್ತೆ ಬರುತ್ತಿದ್ದಾರೆ.

ಇಂತಿ,
ಕೋಟೆಯ ಕೆಳಗಿನ ಊರಿನ ನಿವಾಸಿ