ನಾನು ಜೋಡಿಸಿಟ್ಟ 1,460 ಜಾಗಗಳನ್ನು ನಿಮ್ಮ ಅಪ್‌ಡೇಟ್ ಒಂದೇ ರಾಶಿ ಮಾಡಿದೆ

ತೀರ್ಥಹಳ್ಳಿ
18 ಆಗಸ್ಟ್ 2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ರೈಡ್ ಪ್ಲ್ಯಾನಿಂಗ್ ಸಾಫ್ಟ್‌ವೇರ್‌ನ ಜೂನ್ ತಿಂಗಳ ಅಪ್‌ಡೇಟ್ ಆದ ಮೇಲೆ ಫೋಲ್ಡರ್‌ಗಳು ಕಾಣೆಯಾಗಿರುವುದು, ಕನ್ನಡ ಹೆಸರುಗಳು ತುಂಡಾಗಿರುವುದು, ಬೇರೆ ಬೇರೆ ಜಾಗದ ವೇಪಾಯಿಂಟ್‌ಗಳು (ಮ್ಯಾಪಿನಲ್ಲಿ ಹಾಕಿಟ್ಟ ಗುರುತುಗಳು) ಅಳಿಸಿಹೋಗಿರುವುದು.

ಮಾನ್ಯರೇ,

ನಾನು ತೀರ್ಥಹಳ್ಳಿಯವನು. ವಾರದಲ್ಲಿ ಆರು ದಿನ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಏಳನೇ ದಿನ ಬೈಕ್ ಹತ್ತಿ ಮಣ್ಣುದಾರಿ ಹಿಡಿಯುತ್ತೇನೆ. ನಿಮ್ಮ ರೈಡ್ ಪ್ಲ್ಯಾನಿಂಗ್ ಸಾಫ್ಟ್‌ವೇರ್‌ಗೆ ಆರು ವರ್ಷದಿಂದ ಚಂದಾದಾರ. ಒಂದು ವರ್ಷವೂ ತಪ್ಪಿಸದೆ ಹಣ ಕಟ್ಟಿದ್ದೇನೆ. ಕಂಪ್ಯೂಟರ್, ಫೋನ್, ಹ್ಯಾಂಡಲ್ ಮೇಲಿನ ಜಿಪಿಎಸ್ ಮೂರಕ್ಕೂ ಒಂದೇ ಖಾತೆ. ಇಷ್ಟು ವರ್ಷದಲ್ಲಿ ನಿಮಗೆ ದೂರು ಬರೆಯುವ ಪ್ರಸಂಗ ಬಂದಿರಲಿಲ್ಲ.

ಜೂನ್ 11ರ ರಾತ್ರಿ ನಿಮ್ಮ ಹೊಸ ಆವೃತ್ತಿ ತಾನಾಗಿಯೇ ಇನ್‌ಸ್ಟಾಲ್ ಆಯಿತು. ಜುಲೈ 6ರ ಭಾನುವಾರ ನನ್ನ ಗೆಳೆಯನ ಕಾಲು ಮುರಿಯಿತು. ಎರಡಕ್ಕೂ ಇರುವ ಸಂಬಂಧವನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಮೊದಲು ನಾಲ್ಕು ಸಲ ನಿಮ್ಮ ಸಹಾಯ ವಿಭಾಗಕ್ಕೆ ಬರೆದೆ. ಪೂರ್ತಿ ಓದಿ ಉತ್ತರ ಕೊಟ್ಟವರು ಯಾರೂ ಇಲ್ಲ. ದಯವಿಟ್ಟು ಇದನ್ನು ಕೊನೆವರೆಗೂ ಓದಿ.

ನಮ್ಮ ಕಡೆಯ ದಾರಿಗಳು ಹೇಗಿವೆ ಅಂತ ಮೊದಲು ಹೇಳುತ್ತೇನೆ. ಆಗುಂಬೆ, ಮಾಸ್ತಿಕಟ್ಟೆ, ನಗರ, ಹೊಸನಗರ, ಸಾಗರದ ಸುತ್ತಮುತ್ತ ನೂರಾರು ಮಣ್ಣುದಾರಿಗಳಿವೆ. ಕೆಲವು ಹಳೇ ಗಾಡಿದಾರಿ, ಕೆಲವು ಬ್ಯಾಣದ (ಹುಲ್ಲುಗಾವಲಿನ) ಅಂಚಿನ ಕಾಲುದಾರಿ, ಕೆಲವು ಒಂದು ಮನೆಯ ಅಂಗಳಕ್ಕೆ ಹೋಗಿ ನಿಂತುಬಿಡುತ್ತವೆ. ಫೋನಿನ ಮ್ಯಾಪಿನಲ್ಲಿ ಇವೆಲ್ಲ ಒಂದೇ ಥರದ ಬಿಳಿ ಗೆರೆ. ಯಾವ ದಾರಿಯಲ್ಲಿ ಬೈಕ್ ಹೋಗಬಹುದು, ಯಾವುದು ಬೇಸಿಗೆಗೆ ಮಾತ್ರ, ಯಾವುದು ಕಾಡಿನ ಗಡಿ ದಾಟುತ್ತೆ ಎಂಬುದನ್ನು ಆ ಗೆರೆ ಹೇಳುವುದಿಲ್ಲ. ಅದನ್ನು ಹೇಳುವವರು ಅಲ್ಲಿನ ಜನ. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರನ್ನು ಕೇಳಿ, ಅವರು ಕೈ ತೋರಿಸಿದ ಕಡೆ ಹೋಗಿ ನೋಡಿ, ಮನೆಗೆ ಬಂದು ಒಂದೊಂದಾಗಿ ಗುರುತು ಹಾಕಿಟ್ಟೆ. ಹಾಗೆ ಕೂಡಿದವು 1,460 ವೇಪಾಯಿಂಟ್.

ಅವನ್ನು ಸುಮ್ನೆ ತುಂಬಿಟ್ಟಿರಲಿಲ್ಲ. ತಾಲ್ಲೂಕಿಗೊಂದು ದೊಡ್ಡ ಫೋಲ್ಡರ್. ಅದರೊಳಗೆ ಹಳ್ಳ ದಾಟುವ ಜಾಗ, ಕಾಲುಸಂಕ (ಹಳ್ಳದ ಮೇಲಿನ ಸಣ್ಣ ಸೇತುವೆ), ದಣಪೆ (ಬೇಲಿಯಲ್ಲಿ ಅಡ್ಡಗಳ ಹಾಕಿದ ದಾರಿ), ಪೆಟ್ರೋಲ್, ಪಂಕ್ಚರ್, ಊಟ, ಅಪಾಯ ಎಂದು ಬೇರೆ ಬೇರೆ ಪಟ್ಟಿ. ಇವಲ್ಲದೆ ‘ಬೇಸಿಗೆ ಮಾತ್ರ’, ‘ಮಳೆಗಾಲಕ್ಕೂ ಸರಿ’, ‘ಹೋಗಬಾರದು’ ಎಂದು ಮೂರು ಪಟ್ಟಿ. ಒಂದೇ ಪಾಯಿಂಟ್ ಎರಡು ಪಟ್ಟಿಯಲ್ಲಿ ಇರಲು ಹಳೆಯ ಆವೃತ್ತಿಯಲ್ಲಿ ಅವಕಾಶ ಇತ್ತು. ನಾನು ನಿಮ್ಮ ಸಾಫ್ಟ್‌ವೇರ್ ಆರಿಸಿಕೊಂಡಿದ್ದೇ ಆ ಕಾರಣಕ್ಕೆ. ಒಂದು ಹಳ್ಳ ‘ಹೊಸನಗರ’ದಲ್ಲೂ ಇರಬೇಕು, ‘ಬೇಸಿಗೆ ಮಾತ್ರ’ದಲ್ಲೂ ಇರಬೇಕು. ಮಳೆ ಶುರುವಾದ ದಿನ ಒಂದು ಪಟ್ಟಿಯನ್ನು ಮರೆಮಾಡಿದರೆ ಮ್ಯಾಪಿನಲ್ಲಿ ಸುರಕ್ಷಿತವಾದವು ಮಾತ್ರ ಉಳಿಯಬೇಕು. ಇದು ನನಗೆ ಬರೀ ಅಚ್ಚುಕಟ್ಟಿನ ವಿಷಯ ಅಲ್ಲ. ಯಾವ ಪಟ್ಟಿಯಲ್ಲಿದೆ ಎಂಬುದು ಗೊತ್ತಿಲ್ಲದಿದ್ದರೆ ಆ ಗುರುತಿನಿಂದ ಏನೂ ಉಪಯೋಗ ಇಲ್ಲ.

ಜೂನ್ 12ರ ಬೆಳಿಗ್ಗೆ ತೆರೆದು ನೋಡಿದೆ. ಒಂದು ಫೋಲ್ಡರೂ ಇಲ್ಲ. ಎರಡು ಪಟ್ಟಿಯಲ್ಲಿದ್ದ ಪಾಯಿಂಟ್‌ಗಳು ಎರಡೆರಡು ಪ್ರತಿಯಾಗಿದ್ದವು. ಒಟ್ಟು 1,902. ನಾನು ಹಾಕಿದ್ದ ಬಣ್ಣ, ಚಿಹ್ನೆ ಎಲ್ಲ ಹೋಗಿ, ಇಡೀ ಮಲೆನಾಡಿನ ತುಂಬ ಒಂದೇ ಥರದ ನೀಲಿ ಬಾವುಟ. ಸಹಾಯ ವಿಭಾಗಕ್ಕೆ ಬರೆದೆ. ನಾಲ್ಕು ದಿನದ ಮೇಲೆ ‘ಇನ್ನೊಮ್ಮೆ ಸಿಂಕ್ ಮಾಡಿ’, ಅಂದರೆ ಮೂರೂ ಸಾಧನಗಳ ಮಾಹಿತಿಯನ್ನು ಒಂದಕ್ಕೊಂದು ಹೊಂದಿಸಿ, ಎಂದು ಉತ್ತರ ಬಂತು. ಮಾಡಿದೆ. ಅಷ್ಟರವರೆಗೆ ನನ್ನ ಫೋನಿನಲ್ಲಿ, ಹ್ಯಾಂಡಲ್ ಜಿಪಿಎಸ್‌ನಲ್ಲಿ ಹಳೆಯ ಜೋಡಣೆ ಹಾಗೇ ಇತ್ತು. ಸಿಂಕ್ ಆದ ಮೇಲೆ ಅಲ್ಲೂ ಹೋಯಿತು. ಒಟ್ಟು ಪಾಯಿಂಟ್ 1,117ಕ್ಕೆ ಇಳಿದಿತ್ತು. ನಿಮ್ಮ ಸಾಫ್ಟ್‌ವೇರ್ ನನ್ನನ್ನು ಕೇಳದೆ ‘ನಕಲು’ಗಳನ್ನು ತೆಗೆದುಹಾಕಿತ್ತು.

ಆ ನಕಲು ತೆಗೆಯುವ ಕೆಲಸ ಎಲ್ಲಿ ತಪ್ಪಿತು ಎಂದು ಹುಡುಕಲು ನನಗೆ ಎರಡು ವಾರ ಬೇಕಾಯಿತು. ನಿಮ್ಮ ಹೊಸ ಆವೃತ್ತಿ ಪಾಯಿಂಟಿನ ಹೆಸರಿಗೆ 24 ಬೈಟ್ ಮಾತ್ರ ಕೊಡುತ್ತದೆ. ಇಂಗ್ಲಿಷಿನಲ್ಲಿ ಬರೆದರೆ 24 ಅಕ್ಷರ, ಸಾಕು. ಆದರೆ ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ 3 ಬೈಟ್ ಬೇಕು. ‘ಕಾಲುಸಂಕ’ ಎಂಬ ಪದವನ್ನೇ ನೋಡಿ. ಕ, ದೀರ್ಘ, ಲ, ಕೊಂಬು, ಸ, ಸೊನ್ನೆ, ಕ. ಏಳು ಆಯಿತು, 21 ಬೈಟ್ ಖರ್ಚಾಯಿತು. ಅದರ ಮುಂದೆ ನಾನು ಬರೆದದ್ದೆಲ್ಲ ಕತ್ತರಿಸಿಹೋಗಿದೆ. ‘ಕಾಲುಸಂಕ - ಕಾಂಕ್ರೀಟ್, ಬೈಕ್ ದಾಟುತ್ತೆ’ ಎಂಬುದೂ ‘ಕಾಲುಸಂಕ’. ‘ಕಾಲುಸಂಕ - ಅಡಿಕೆ ಮರದ್ದು, ನಡೆಯಲು ಮಾತ್ರ’ ಎಂಬುದೂ ‘ಕಾಲುಸಂಕ’. ಆಮೇಲೆ, ಒಂದೇ ಹೆಸರಿನ ಎರಡು ಪಾಯಿಂಟ್ 2 ಕಿಲೋಮೀಟರ್ ಒಳಗಿದ್ದರೆ ನಕಲು ಎಂದು ಎಣಿಸಿ, ಹಳೆಯದನ್ನು ಉಳಿಸಿ ಹೊಸದನ್ನು ಅಳಿಸಿದ್ದೀರಿ.

ಮಲೆನಾಡಿನಲ್ಲಿ ಒಂದೇ ಹಳ್ಳಕ್ಕೆ ಎರಡು ಕಿಲೋಮೀಟರಿನಲ್ಲಿ ಮೂರು ಕಾಲುಸಂಕ ಇರುತ್ತವೆ. ಇದು ನಮಗೆ ದಿನನಿತ್ಯದ ಮಾತು.

ಜುಲೈ 6ರಂದು ಆಗಿದ್ದು ಇಷ್ಟು. ಶಿವಮೊಗ್ಗದ ಮೂವರು ಗೆಳೆಯರಿಗೆ ಮೇ ತಿಂಗಳಲ್ಲೇ ಒಂದು ರೂಟ್ ಮಾಡಿ ಲಿಂಕ್ ಕಳಿಸಿದ್ದೆ. ನಾನೇ ಓಡಿಸಿ ನೋಡಿದ್ದ ದಾರಿ ಅದು. ಹಂಚಿದ ರೂಟ್ ಮೇ ತಿಂಗಳಲ್ಲಿ ಇದ್ದಂತೆಯೇ ಇರುತ್ತೆ ಎಂದು ನಂಬಿದ್ದೆ. ಅದೂ ನಿಮ್ಮ ಸರ್ವರ್‌ನಲ್ಲಿ ಸದ್ದಿಲ್ಲದೆ ಬದಲಾಗಿತ್ತು. ಅಳಿಸಿಹೋದ ಕಾಂಕ್ರೀಟ್ ಸಂಕದ ಬದಲು, ಅದಕ್ಕಿಂತ 600 ಮೀಟರ್ ಕೆಳಗಿದ್ದ ಅಡಿಕೆ ಮರದ ಸಂಕಕ್ಕೆ ರೂಟ್ ತಾನೇ ಅಂಟಿಕೊಂಡಿತ್ತು. ಅಂದು ಅಕ್ಕನ ಮನೆಯಲ್ಲಿ ಕಾರ್ಯ ಇದ್ದುದರಿಂದ ನಾನು ಜೊತೆಗೆ ಹೋಗಿರಲಿಲ್ಲ. ಸಂಜೆ ಐದೂವರೆ, ಮಳೆ, ಕೆಳಗೆ ಕೆಂಪು ನೀರು ತುಂಬಿದ ಹಳ್ಳ. ಸಂಕ ನೋಡಿದ ಕೂಡಲೇ ಅವರಿಗೆ ದಾರಿ ತಪ್ಪಿದ್ದು ಗೊತ್ತಾಯಿತು, ದಾಟುವ ಹುಚ್ಚು ಮಾಡಲಿಲ್ಲ. ಆದರೆ ಆ ಇಳಿಜಾರಿನ ಜೇಡಿಯಲ್ಲಿ ಬೈಕ್ ತಿರುಗಿಸುವಾಗ ಒಬ್ಬ ಜಾರಿ ಬಿದ್ದ. ಬೈಕ್ ಅವನ ಕಾಲ ಮೇಲೆ ಬಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಹತ್ತಿರದ ಮನೆಯವರು ಕುರ್ಚಿಗೆ ಬಿದಿರು ಕಟ್ಟಿ, ಅವನನ್ನು ಕೂರಿಸಿ, ಎರಡು ಕಿಲೋಮೀಟರ್ ಹೊತ್ತು ರಸ್ತೆಗೆ ತಂದರು. ಕಣಕಾಲಿನ ಹತ್ತಿರ ಮೂಳೆ ಮುರಿದಿತ್ತು. ಇವತ್ತಿಗೂ ಅವನು ಕೆಲಸಕ್ಕೆ ಹೋಗಿಲ್ಲ.

ಇದನ್ನು ಬರೆದಾಗ ನಿಮ್ಮವರು, ದಾರಿಯನ್ನು ಸ್ಥಳದಲ್ಲಿ ಪರೀಕ್ಷಿಸುವುದು ಬಳಕೆದಾರರ ಹೊಣೆ ಎಂದು ಷರತ್ತಿನ ಒಂದು ಸಾಲು ಕಳಿಸಿದರು. ಆ ಮಾತು ಸರಿ. ಹೊಣೆ ಸವಾರನದೇ, ನಾನು ಒಪ್ಪುತ್ತೇನೆ. ಪರೀಕ್ಷೆ ಮಾಡಿಯೇ ಗುರುತು ಹಾಕಿದ್ದೆ. ನಾನು ಪರೀಕ್ಷಿಸಿದ ಗುರುತನ್ನು ನನಗೆ ಹೇಳದೆ ಬೇರೆ ಜಾಗಕ್ಕೆ ಸರಿಸಿದ ಹೊಣೆ ಯಾರದು? ಇದಕ್ಕೆ ನೀವು ಉತ್ತರ ಕೊಡಲೇಬೇಕು.

ಇನ್ನೊಬ್ಬರು ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಬರೆಯಿರಿ ಎಂದರು. ‘ಹೊಳೆ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಕನ್ನಡ ಬಾರದ ಸವಾರ ಅದನ್ನು ‘ಗುಂಡಿ’ ಎಂದು ಓದುತ್ತಾನೆ. ರಸ್ತೆಯಲ್ಲಿ ಒಂದು ಗುಂಡಿ ಇದೆ ಎಂದುಕೊಂಡು ಬಂದವನ ಎದುರಿಗೆ ತುಂಬಿ ಹರಿಯುವ ಹೊಳೆ ಇರುತ್ತದೆ. ‘ಕಲ್ಲು’, ‘ಕಳ್ಳು’ ಎರಡಕ್ಕೂ ಅದೇ ಇಂಗ್ಲಿಷ್ ಅಕ್ಷರಗಳು. ಊರಿನವರಲ್ಲಿ ದಾರಿ ಕೇಳುವಾಗ ಹೆಸರನ್ನು ಸರಿಯಾಗಿ ಹೇಳಬೇಕು, ಅಲ್ವಾ? ಕನ್ನಡದಲ್ಲಿ ಬರೆದಿದ್ದರೆ ಫೋನನ್ನೇ ಅವರ ಮುಂದೆ ಹಿಡಿಯಬಹುದು. ನಾನು ಎಷ್ಟೋ ಸಲ ಹಾಗೆ ಮಾಡಿದ್ದೇನೆ.

ನಾನೇ ಹಾಕಿಕೊಂಡ ಮ್ಯಾಪ್‌ಗಳ ಗತಿಯೂ ಹೀಗೇ ಆಗಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿ ಕಣಿವೆಯ ಎಷ್ಟೋ ಊರು, ಎಷ್ಟೋ ದಾರಿ ಮುಳುಗಿದವು. ಬೇಸಿಗೆ ಕೊನೆಗೆ ನೀರು ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಡ್ಯಾಮ್ ಮೇಲೆದ್ದು ಕಾಣುತ್ತೆ, ಹಳೇ ರಸ್ತೆಯ ತುಂಡುಗಳೂ ಕಾಣುತ್ತವೆ. ಆ ದಾರಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದವು ಎಂದು ತಿಳಿಯಲು, ಅಮೆರಿಕದ ಸೇನೆಯ ಮ್ಯಾಪ್ ವಿಭಾಗ 1950ರ ದಶಕದಲ್ಲಿ ಮಾಡಿದ 1:2,50,000 ಅಳತೆಯ ಹಾಳೆಯನ್ನು ತೆಗೆದುಕೊಂಡೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಆ ಸರಣಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಅದು ಭೂಮಿಯ ಆಕಾರ ಹಿಡಿದು ಜಾಗ ಗುರುತಿಸುವ ಎವರೆಸ್ಟ್ ಎಂಬ ಹಳೆಯ ಲೆಕ್ಕದಲ್ಲಿದೆ, ನಮ್ಮ ಜಿಪಿಎಸ್ ಡಬ್ಲ್ಯುಜಿಎಸ್ 84 ಎಂಬ ಈಗಿನ ಲೆಕ್ಕದಲ್ಲಿದೆ. ಹೊಂದಿಸದೆ ಒಂದರ ಮೇಲೊಂದು ಇಟ್ಟರೆ ಜಾಗಗಳು ನೂರಾರು ಅಡಿ ಸರಿದುಬಿಡುತ್ತವೆ. ದೇವಸ್ಥಾನ, ಬೆಟ್ಟದ ತುದಿ, ಹಳೇ ಸೇತುವೆ ಹಿಡಿದು ನಾನು ಹಲವು ರಾತ್ರಿ ಕೂತು ಹೊಂದಿಸಿದ್ದೆ. ಅಡಿಯಲ್ಲಿ ಆ ಹಾಳೆ, ಅದರ ಮೇಲೆ ಸರ್ವೆ ಆಫ್ ಇಂಡಿಯಾದ ಈಗಿನ 1:50,000 ಹಾಳೆ, ಎಲ್ಲಕ್ಕಿಂತ ಮೇಲೆ ನಾನು ಕೆಂಪು ಬಣ್ಣದಲ್ಲಿ ಎಳೆದ ಕಾಡಿನ ಗಡಿ.

ಅಪ್‌ಡೇಟ್ ಆ ಹೊಂದಾಣಿಕೆಯನ್ನು ಅಳಿಸಿತು. ಪದರಗಳ ಕ್ರಮವನ್ನೂ ತಿರುಗಿಸಿತು. ಈಗ ಹಳೇ ಹಾಳೆ ಎಲ್ಲಕ್ಕಿಂತ ಮೇಲೆ ಕೂತಿದೆ, ಕೆಂಪು ಗಡಿ ಅದರ ಕೆಳಗೆ ಮುಚ್ಚಿಹೋಗಿದೆ. ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಎಲ್ಲ ನಮ್ಮ ಸುತ್ತಲೇ ಇವೆ. ಅನುಮತಿ ಇಲ್ಲದೆ ಒಳಗೆ ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆಯ ಭಯಕ್ಕಿಂತ ಜಾಸ್ತಿಯಾಗಿ, ಆ ಕಾಡಿನೊಳಗೆ ಬೈಕಿನ ಸದ್ದು ಹೋಗಬಾರದು ಎಂಬ ಆಸೆಯಿಂದ ಆ ಗೆರೆ ಎಳೆದಿದ್ದೆ. ನನ್ನ ಲಿಂಕ್ ಹಿಡಿದು ಬರುವ ಹೊಸಬರಿಗೆ ಈಗ ಆ ಗೆರೆ ಕಾಣುವುದಿಲ್ಲ.

ಈಗ ನೀವು ಮಾಡಬೇಕಾದದ್ದನ್ನು ಹೇಳುತ್ತೇನೆ. ಜೂನ್ 10ರಂದು ನಿಮ್ಮ ಸರ್ವರ್‌ನಲ್ಲಿ ಇದ್ದ ಹಾಗೆ ನನ್ನ ಪೂರ್ತಿ ಸಂಗ್ರಹವನ್ನು, ಫೋಲ್ಡರ್ ಸಮೇತ, ವಾಪಸ್ ಕೊಡಿ. ಇದು ಮೊದಲು ಆಗಬೇಕು. ನನ್ನ ಹತ್ತಿರ ಇರುವುದು ಫೆಬ್ರವರಿಯ ಜಿಪಿಎಕ್ಸ್ (ಗುರುತು, ದಾರಿಗಳನ್ನು ಉಳಿಸಿಡುವ ಫೈಲ್ ನಮೂನೆ) ಬ್ಯಾಕಪ್, ಅದರಲ್ಲಿ ಫೋಲ್ಡರ್ ಇಲ್ಲ. ಜಿಪಿಎಕ್ಸ್ ನಮೂನೆಯಲ್ಲೇ ಫೋಲ್ಡರ್‌ಗೆ ಜಾಗ ಇಲ್ಲ ಎಂದು ನಿಮ್ಮವರು ಹೇಳಿದರು. ನಿಜ. ಆದರೆ 2004ರ ಜಿಪಿಎಕ್ಸ್ 1.1ರಲ್ಲೇ ವರ್ಗ ಬರೆಯಲು ಒಂದು ಜಾಗ ಇದೆ, ಕಂಪನಿಗಳು ತಮ್ಮ ಮಾಹಿತಿ ಸೇರಿಸಲು ಎಕ್ಸ್‌ಟೆನ್ಶನ್ ಇದೆ. ಪಟ್ಟಿಯ ಹೆಸರನ್ನು ಅಲ್ಲಿ ಬರೆಯಿರಿ. ಕೆಎಂಎಲ್ ಎಂಬ ಇನ್ನೊಂದು ಮ್ಯಾಪ್ ಫೈಲ್ ನಮೂನೆಯಲ್ಲಂತೂ ಫೋಲ್ಡರ್ ಇದ್ದೇ ಇದೆ. ಹೆಸರು ಇಷ್ಟೇ ಉದ್ದ ಇರಬೇಕು ಎಂದು ಜಿಪಿಎಕ್ಸ್ ಎಲ್ಲೂ ಹೇಳುವುದಿಲ್ಲ, ಆ 24 ಬೈಟ್ ಮಿತಿ ನಿಮ್ಮದೇ. ಅದನ್ನು ತೆಗೆಯಿರಿ. ಸಾಧನದ ಪರದೆ ಚಿಕ್ಕದಾದರೆ ಪರದೆಯಲ್ಲಿ ಮಾತ್ರ ಚಿಕ್ಕದಾಗಿ ತೋರಿಸಿ, ಮೂಲ ಹೆಸರನ್ನು ಕತ್ತರಿಸಬೇಡಿ. ನಕಲು ತೆಗೆಯುವ ಮೊದಲು ಪಟ್ಟಿ ತೋರಿಸಿ ಒಪ್ಪಿಗೆ ಕೇಳಿ. ರೂಟಿನ ಒಂದು ಪಾಯಿಂಟ್ ಇಲ್ಲವಾದರೆ ಆ ರೂಟ್ ಮುರಿದಿದೆ ಎಂದು ಕೆಂಪು ಅಕ್ಷರದಲ್ಲಿ ತೋರಿಸಿ. ತಾನಾಗಿ ಇನ್ನೊಂದಕ್ಕೆ ಅಂಟಿಸುವುದನ್ನು ಇವತ್ತೇ ನಿಲ್ಲಿಸಿ. ಇವೆಲ್ಲ ಸರಿಯಾಗುವವರೆಗೆ ಕಾಯಲು ಆಗುವುದಿಲ್ಲ, ನಿಮ್ಮ ಎಲ್ಲ ಚಂದಾದಾರರಿಗೂ ಹಂಚಿದ ರೂಟ್‌ಗಳನ್ನು ಮತ್ತೆ ಪರಿಶೀಲಿಸಿ ಎಂದು ಒಂದು ಸಂದೇಶ ಕಳಿಸಿ.

ಚಂದಾ ಹಣ ವಾಪಸ್ ಕೊಡುತ್ತೇವೆ ಎಂದು ಕೊನೆಯ ಮೇಲ್‌ನಲ್ಲಿ ಬರೆದಿದ್ದೀರಿ. ನನಗೆ ಅದು ಬೇಡ. ಗೆಳೆಯನ ಆಸ್ಪತ್ರೆ ಖರ್ಚಿನ ಮಾತು ಬೇರೆ, ಅವನೇ ನಿಮಗೆ ಪ್ರತ್ಯೇಕವಾಗಿ ಬರೆಯುತ್ತಾನೆ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಶಿವಮೊಗ್ಗದ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಅಪ್‌ಡೇಟಿಗೆ ಮೊದಲಿನ ಮತ್ತು ನಂತರದ ಪರದೆಯ ಚಿತ್ರಗಳು, ಫೆಬ್ರವರಿಯ ಫೈಲ್, ಮೇ ತಿಂಗಳ ರೂಟ್, ಈಗ ನಿಮ್ಮ ಸರ್ವರ್‌ನಲ್ಲಿರುವ ಅದೇ ರೂಟ್, ನಿಮ್ಮವರ ನಾಲ್ಕು ಉತ್ತರ ಎಲ್ಲವನ್ನೂ ಜೊತೆಗೆ ಇಟ್ಟಿದ್ದೇನೆ.

ಒಂದು ಮುಖ್ಯ ಮಾತು. ಫೆಬ್ರವರಿಯಿಂದ ಜೂನ್‌ವರೆಗೆ ಹಾಕಿದ 83 ಗುರುತುಗಳು ಇರುವುದು ನಿಮ್ಮ ಸರ್ವರ್‌ನಲ್ಲಿ ಮಾತ್ರ. ಅವುಗಳಲ್ಲಿ ಒಂದಷ್ಟನ್ನು ನನಗೆ ತೋರಿಸಿದವರು ನಗರ ಎಂಬ ಊರಿನ ಹತ್ತಿರದ ಒಬ್ಬ ಅಜ್ಜ. ಏಪ್ರಿಲ್‌ನಲ್ಲಿ ನನ್ನ ಜೊತೆ ಅರ್ಧ ದಿನ ನಡೆದು ಹಳೇ ಗಾಡಿದಾರಿಯ ಒಂದೊಂದು ತಿರುವನ್ನೂ ತೋರಿಸಿದ್ದರು. ಅವರು ಮೊನ್ನೆ ಆಷಾಢದಲ್ಲಿ ತೀರಿಕೊಂಡರು. ಈ ದೂರು ಮುಗಿಯುವ ತನಕ ನನ್ನ ಖಾತೆಯ ಹಳೆಯ ಬ್ಯಾಕಪ್ ಯಾವುದನ್ನೂ ಅಳಿಸಬೇಡಿ. ಅಳಿಸಿಲ್ಲ ಎಂದು ಒಂದು ಸಾಲು ನಾಳೆಯೇ ಬರೆದು ತಿಳಿಸಿ.

ಇಂತಿ,
ನಿಮ್ಮ ಚಂದಾದಾರ
ತೀರ್ಥಹಳ್ಳಿ