‘ಕಾರ್ಮಿನಾ ಬುರಾನಾ’: ಯಾವ ಧ್ವನಿಮುದ್ರಣ ಕೇಳಬೇಕು?

ಮಾನ್ಯ ಸಂಪಾದಕರೇ,

ದಾವಣಗೆರೆಯ ಕಾಲೇಜು ವಾರ್ಷಿಕೋತ್ಸವಗಳಲ್ಲಿ ಪರದೆ ಸರಿಯುವಾಗ, ನಾಟಕದಲ್ಲಿ ಖಳನಾಯಕ ಬರುವಾಗ, ‘ಓ ಫೋರ್ಟುನಾ’ ಎಂದು ನೂರಾರು ಕಂಠಗಳು ಒಟ್ಟಿಗೆ ಮೊಳಗುವ ತುಣುಕು ಕೇಳಿಬರುತ್ತದೆ. ಆ ತುಣುಕಿನ ಹಿಂದೆ ಸುಮಾರು ಒಂದು ಗಂಟೆಯ ಕೃತಿಯಿದೆ. ಅದರ ಧ್ವನಿಮುದ್ರಣಗಳೂ ಹತ್ತಾರಿವೆ, ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಆದರೆ ಆರಂಭದ ಅಬ್ಬರವನ್ನಷ್ಟೇ ಕೇಳಿ ಆರಿಸಿದರೆ ಮೋಸ ಹೋಗುತ್ತೇವೆ. ಅಬ್ಬರ ಎಲ್ಲದರಲ್ಲೂ ಚೆನ್ನಾಗಿಯೇ ಇರುತ್ತದೆ.

ಕೃತಿಯ ಹೆಸರು ‘ಕಾರ್ಮಿನಾ ಬುರಾನಾ’. ಜರ್ಮನಿಯ ಕಾರ್ಲ್ ಓರ್ಫ್ ಅದನ್ನು 1935–36ರಲ್ಲಿ ರಚಿಸಿದರು. ಮೊದಲ ಪ್ರದರ್ಶನ 1937ರ ಜೂನ್ 8ರಂದು ಫ್ರಾಂಕ್‌ಫರ್ಟ್‌ನಲ್ಲಿ ನಡೆಯಿತು. ಸಾಹಿತ್ಯ ಬವೇರಿಯದ ಬೆನೆಡಿಕ್ಟ್‌ಬಾಯರ್ನ್ ಮಠದಲ್ಲಿ 1803ರಲ್ಲಿ ಸಿಕ್ಕ ಹಸ್ತಪ್ರತಿಯದು. ಲ್ಯಾಟಿನ್ ಮತ್ತು ಹಳೆಯ ಜರ್ಮನ್ ಪದ್ಯಗಳು. ವಸ್ತು ವಸಂತ, ಹೆಂಡ, ಜೂಜು, ಪ್ರಣಯ. ದೆವ್ವದ ದೃಶ್ಯಕ್ಕೆ ಹೇಳಿ ಮಾಡಿಸಿದ ಸಂಗೀತ ಎಂಬ ಭಾವನೆ ಪೂರಾ ತಪ್ಪು. ‘ಓ ಫೋರ್ಟುನಾ’ದಲ್ಲಿರುವುದು ಚಂದ್ರನ ಹಾಗೆ ಹಿಗ್ಗಿ ಕುಗ್ಗುವ ಅದೃಷ್ಟದೇವತೆಯ ಮೇಲಿನ ದೂರು. ನಮ್ಮ ಸೋಬಾನೆ ಪದ ಕೇಳಿ ಬಲ್ಲವರಿಗೆ ಓರ್ಫ್ ಅವರ ಪದ್ಧತಿ ಹೊಸದೆನಿಸುವುದಿಲ್ಲ. ಚರಣದ ಮಾತು ಬದಲಾಗುತ್ತದೆ, ಧಾಟಿ ಅದೇ. ಕೆಳಗೆ ಲಯ ಬಿಡದೆ ಕುಟ್ಟುತ್ತಿರುತ್ತದೆ. ಧಾಟಿ ತಿರುಗಿ ತಿರುಗಿ ಬರುವುದರಿಂದಲೇ ಹಾಡುವವರ ಉಚ್ಚಾರ, ಉಸಿರು, ನಿರ್ದೇಶಕರ ಕಾಲಪ್ರಮಾಣ ಎಲ್ಲವೂ ಬಯಲಾಗುತ್ತವೆ.

ಒಟ್ಟು 25 ಭಾಗಗಳು. ಮೊದಲ ಪರೀಕ್ಷೆ ಒಂದನೇ ಭಾಗದಲ್ಲೇ ಇದೆ. ಆರಂಭದ ಗರ್ಜನೆ ಮುಗಿದ ಕೂಡಲೇ ಇಡೀ ಮೇಳ ಪಿಸುದನಿಗೆ ಇಳಿದು, ಎರಡನೇ ಚರಣ ಮುಗಿಯುವವರೆಗೂ ಹಾಗೇ ಇರುತ್ತದೆ. ಮೂರನೇ ಚರಣಕ್ಕೆ ಮತ್ತೆ ಸಿಡಿದು ವೇಗ ಪಡೆಯುತ್ತದೆ. ಆ ಪಿಸುದನಿಯಲ್ಲಿ ಪ್ರತಿ ವ್ಯಂಜನವೂ ಹಲ್ಲಿನ ತುದಿಯಿಂದ ಹೊರಡಬೇಕು. ದನಿ ತಗ್ಗಿಸುವಾಗ ಬಾಯಿಯೂ ಸಡಿಲವಾದರೆ ಮಾತು ಕಲಸಿಹೋಗುತ್ತದೆ, ಲಯ ಹಿಂದಕ್ಕೆ ಜಗ್ಗುತ್ತದೆ. ಕಳಪೆ ಧ್ವನಿಮುದ್ರಣಗಳು ಸೋಲುವುದು ಇಲ್ಲೇ.

ಹೋಲಿಸಿ ನೋಡಲು ಮೂರು ಸಾಕು. 1967ರಲ್ಲಿ ನಿರ್ದೇಶಕ ಓಯ್ಗೆನ್ ಯೋಖುಮ್ ಬರ್ಲಿನ್‌ನ ಡಾಯ್ಚ ಓಪರ್ ವೃಂದದೊಂದಿಗೆ ಮಾಡಿದ್ದು. ಇದಕ್ಕೆ ಸ್ವತಃ ಓರ್ಫ್ ಅವರ ಒಪ್ಪಿಗೆ ಇತ್ತು. 1975ರಲ್ಲಿ ಬಂದ, ನಿರ್ದೇಶಕ ಆಂದ್ರೆ ಪ್ರೆವಿನ್ ಮತ್ತು ಲಂಡನ್ ಸಿಂಫನಿ ವೃಂದದ್ದು. 1979ರ, ನಿರ್ದೇಶಕ ರಿಕಾರ್ಡೊ ಮೂಟಿ ಮತ್ತು ಫಿಲ್‌ಹಾರ್ಮೋನಿಯಾ ವೃಂದದ್ದು. ಪ್ರೆವಿನ್ ಮುಂದೆ 1993ರಲ್ಲಿ ವಿಯೆನ್ನಾ ವೃಂದದೊಂದಿಗೂ ಇದೇ ಕೃತಿ ಮಾಡಿದ್ದಾರೆ. ಹೆಸರು ನೋಡಿ ಗಡಿಬಿಡಿಯಾಗದಂತೆ ವೃಂದದ ಹೆಸರನ್ನೂ ಓದಿಕೊಳ್ಳಿ.

ಏಕಗಾಯನಗಳಿಗೆ ಬಂದರೆ ಯೋಖುಮ್ ಅವರದೇ ಮೇಲು. 12ನೇ ಭಾಗ ತೆಗೆದುಕೊಳ್ಳಿ. ಒಂದು ಹಂಸವನ್ನು ಸಲಾಕೆಗೆ ಚುಚ್ಚಿ ಬೆಂಕಿಯ ಮೇಲೆ ತಿರುಗಿಸುತ್ತಿದ್ದಾರೆ. ಹಾಡುತ್ತಿರುವುದು ಆ ಹಂಸವೇ. ಮೊದಲು ಊದುವ ವಾದ್ಯ ಬಸೂನ್ ತನ್ನ ಸಹಜ ಸ್ಥಾಯಿ ಬಿಟ್ಟು ಮೇಲೆ ನರಳುತ್ತದೆ, ಆಮೇಲೆ ಟೆನರ್ (ಗಂಡಸರ ಎತ್ತರದ ದನಿ) ಗಾಯಕ ಗಂಟಲು ಬಿಗಿಯುವಷ್ಟು ತಾರಕ್ಕೆ ಏರುತ್ತಾನೆ. ಇಡೀ ಕೃತಿಯಲ್ಲಿ ಟೆನರ್‌ಗಿರುವುದು ಇದೊಂದೇ ಏಕಗಾಯನ. ಇದನ್ನು ಇಂಪಾಗಿ ಹಾಡಿದರೆ ಕೆಟ್ಟಂತೆ. ಯೋಖುಮ್ ಅವರಲ್ಲಿ ಗೆರ್ಹಾರ್ಟ್ ಸ್ಟೋಲ್ಸ ಹಂಸದ ಸಂಕಟವನ್ನು ನಟನ ಹಾಗೆ ಆಡಿ ತೋರಿಸುತ್ತಾರೆ. ಮೂಟಿ ಅವರಲ್ಲಿ ಯೋನ್ ಫಾನ್ ಕೆಸ್ಟೆರೆನ್ ಸ್ವರಗಳನ್ನು ಸಲೀಸಾಗಿ ಮುಟ್ಟುತ್ತಾರೆ. ಆ ಸಲೀಸುತನದಿಂದಲೇ ಬೆಂಕಿಯ ಬಿಸಿ ಕಮ್ಮಿಯಾಗುತ್ತದೆ. 16ನೇ ಭಾಗದಲ್ಲಿ ಬ್ಯಾರಿಟೋನ್ (ಗಂಡಸರ ನಡುಮಟ್ಟದ ದನಿ) ಗಾಯಕ ಕೆಳಗಿನಿಂದ ಕಳ್ಳದನಿಗೆ ದಾಟುವ ಜಾಗವಿದೆ. ಅಲ್ಲಿ ಯೋಖುಮ್ ಅವರ ಗಾಯಕ ಡೀಟ್ರಿಷ್ ಫಿಷರ್-ಡೀಸ್ಕೌ ಸೇರುವೆ ಕಾಣದಂತೆ ದಾಟುತ್ತಾರೆ. 23ನೇ ಭಾಗ ಒಂದು ನಿಮಿಷವೂ ಇಲ್ಲ, ಅದರಲ್ಲಿ ಸೊಪ್ರಾನೊ (ಹೆಂಗಸರ ಎತ್ತರದ ದನಿ) ಗಾಯಕಿ ತೀರಾ ಮೇಲಿನ ಸ್ವರಕ್ಕೆ ಏರಬೇಕು. ಯೋಖುಮ್ ಅವರ ಗಾಯಕಿ ಗುಂಡುಲಾ ಯಾನೊವಿಟ್ಸ್ ಅಲ್ಲಿ ಚೀರುವುದಿಲ್ಲ, ಅರಳುತ್ತಾರೆ.

ಗುಂಪುಗಾಯನದ ಹುರುಪು ಬೇಕಾದವರಿಗೆ ಮಾತ್ರ ಪ್ರೆವಿನ್. 14ನೇ ಭಾಗ ಹೆಂಡದಂಗಡಿಯದು, ಬರೀ ಗಂಡುದನಿ. ಯಾರ್‍ಯಾರು ಕುಡಿಯುತ್ತಾರೆಂಬ ಪಟ್ಟಿ ಓಟದ ವೇಗದಲ್ಲಿ ಸಾಗುತ್ತದೆ. ಮುದ್ರಣದ ಜಾಗದಲ್ಲಿ ಪ್ರತಿಧ್ವನಿ ಹೆಚ್ಚಾದರೆ ಹಿಂದಿನ ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬಿದ್ದು ಬರೀ ಗದ್ದಲ ಉಳಿಯುತ್ತದೆ. ಪ್ರೆವಿನ್ ಅವರಲ್ಲಿ ಪದಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. 22ನೇ ಭಾಗದಲ್ಲಿ ಹುಡುಗರ ಮೇಳ ನಿಜವಾದ ಶಾಲಾ ಮಕ್ಕಳ ಹಾಗೇ ಕೇಳುತ್ತದೆ. ಮೂಟಿ ಅವರ ಬಲ ವೇಗದಲ್ಲಿ. ಕೊನೆಗೆ ಕಾಲ ಏರಿಸುವ ಜಾಗಗಳಲ್ಲಿ ಅವರನ್ನು ಮೀರಿಸುವವರು ಕಡಿಮೆ, ಆದರೆ ನಡುವಿನ ಪ್ರಣಯಗೀತೆಗಳಿಗೆ ಬೇಕಾದ ಬಿಡುವು ಅಲ್ಲಿ ಸಾಲದು. ಒಂದನ್ನೇ ಆರಿಸಬೇಕಾದವರಿಗೆ ನನ್ನ ಶಿಫಾರಸು ಯೋಖುಮ್.

ಮೊಬೈಲ್‌ನಲ್ಲಿ ಕೇಳುವವರು ಎರಡು ಕೆಲಸ ಮಾಡಲೇಬೇಕು. ಮೊದಲನೆಯದು ಶಫಲ್ ನಿಲ್ಲಿಸಿ, ಹಾಡುಗಳ ನಡುವೆ ಅಂತರ ಬಿಡದ ಸೆಟ್ಟಿಂಗ್ ಹಾಕುವುದು. 24ನೇ ಭಾಗದ ಕೊನೆಯ ಹಿಗ್ಗು ಉಸಿರು ಬಿಡದೆ 25ನೇ ಭಾಗದ ‘ಓ ಫೋರ್ಟುನಾ’ಕ್ಕೆ ಬಂದು ಬೀಳಬೇಕು, ಅದೃಷ್ಟದ ಚಕ್ರ ತಿರುಗಿದ್ದು ಗೊತ್ತಾಗುವುದೇ ಆಗ. ನಡುವೆ ಎರಡು ಸೆಕೆಂಡು ಮೌನ ಬಂದರೂ ಆ ಪೆಟ್ಟು ಸತ್ತುಹೋಗುತ್ತದೆ. ಎರಡನೆಯದು ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯವನ್ನು ಆಫ್ ಮಾಡುವುದು.

ಸಭಾಂಗಣದಲ್ಲಿ ಹಾಕುವವರ ತೊಂದರೆ ಬೇರೆ. ಮೈಕ್‌ಸೆಟ್‌ನವರು ಮೊದಲ ಗರ್ಜನೆಗೆ ಹೆದರಿ ಸದ್ದು ಇಳಿಸುತ್ತಾರೆ. ಪಿಸುದನಿ ಬಂದಾಗ ಫ್ಯಾನಿನ ಸದ್ದಿನಲ್ಲಿ ಏನೂ ಕೇಳುವುದಿಲ್ಲ, ಮತ್ತೆ ಏರಿಸುತ್ತಾರೆ. ಅಷ್ಟರಲ್ಲಿ ಮೂರನೇ ಚರಣ ಸಿಡಿದು ಸ್ಪೀಕರ್ ಒಡೆದ ಮಡಕೆಯಂತೆ ಗರಗರ ಎನ್ನುತ್ತದೆ. ಪರಿಹಾರ ಸುಲಭ. ಜನ ಬರುವ ಮುಂಚೆ ಕೊನೆಯ ಅರ್ಧ ನಿಮಿಷವನ್ನು ಹಾಕಿ, ಸದ್ದು ಒಡೆಯದ ಅತಿ ಹೆಚ್ಚಿನ ಮಟ್ಟಕ್ಕೆ ಮಿಕ್ಸರ್ ಗುಬ್ಬಿ ನಿಲ್ಲಿಸಿ, ಪಕ್ಕದಲ್ಲಿ ಟೇಪಿನ ಚೂರು ಅಂಟಿಸಿ ಗುರುತು ಮಾಡಿ. ಕಾರ್ಯಕ್ರಮದಲ್ಲಿ ಅದನ್ನು ಮುಟ್ಟಬಾರದು. ವೇದಿಕೆಯ ಹತ್ತಿರದ ಫ್ಯಾನುಗಳನ್ನು ಆ ಎರಡೂವರೆ ನಿಮಿಷ ಆರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಬಂದ ಫೈಲು ಬೇಡ. ಅದರಲ್ಲಿ ತಾಳವಾದ್ಯಗಳ ಮೇಲಿನ ಹೊಳಪು ಮೊದಲೇ ಸವೆದಿರುತ್ತದೆ.

ನಮ್ಮಲ್ಲೇ ಹಾಡಿಸುವ ಆಸೆಯಿರುವ ಗುಂಪುಗಳಿಗೆ ಒಂದು ಮಾತು. ದೊಡ್ಡ ಆರ್ಕೆಸ್ಟ್ರಾ ಇಲ್ಲದೆ, ಎರಡು ಪಿಯಾನೊ ಮತ್ತು ತಾಳವಾದ್ಯಗಳಿಗೆ ಅಳವಡಿಸಿದ ಆವೃತ್ತಿಯನ್ನು ಓರ್ಫ್ ಅವರ ಶಿಷ್ಯ ವಿಲ್ಹೆಲ್ಮ್ ಕಿಲ್ಮಾಯರ್ 1956ರಲ್ಲಿ ಸಿದ್ಧಪಡಿಸಿದ್ದಾರೆ. ಓರ್ಫ್ ತೀರಿಕೊಂಡದ್ದು 1982ರಲ್ಲಿ. ನಮ್ಮ ಕಾನೂನಿನಂತೆ ಅವರ ಹಕ್ಕುಸ್ವಾಮ್ಯ 2042ರ ಕೊನೆಯವರೆಗೂ ಇರುತ್ತದೆ. ಟಿಕೆಟ್ ಇಟ್ಟು ಪ್ರದರ್ಶಿಸುವವರು ತಾಲೀಮು ಶುರುಮಾಡುವ ಮುಂಚೆಯೇ ಅನುಮತಿ ಪಡೆಯಬೇಕು. ತಾಲೀಮನ್ನು ಒಂದನೇ ಭಾಗದಿಂದ ಶುರುಮಾಡಬೇಡಿ. 14ನೇ ಭಾಗದ ಲ್ಯಾಟಿನ್ ಪದಗಳನ್ನು ಸ್ವರವಿಲ್ಲದೆ, ಬರೀ ಚಪ್ಪಾಳೆಯ ಲಯಕ್ಕೆ, ನಿಧಾನಗತಿಯಲ್ಲಿ ಬಾಯಿಪಾಠ ಮಾಡಿಸಿ. ನಾಲಗೆ ಪಳಗಿದ ಮೇಲೆ ವೇಗ ಏರಿಸಿ, ಸ್ವರ ಅದಾದ ಮೇಲೆ.

ಇಂತಿ,
ನಿಮ್ಮ ಓದುಗ,
ಪಿ.ಜೆ. ಬಡಾವಣೆ, ದಾವಣಗೆರೆ