ಮೂವತ್ತಮೂರು ಅಡಿಯ ಸರಪಳಿ

ಗೆಳೆಯಾ,

ಬ್ರಿಟಿಷರು ಕೊಟ್ಟದ್ದು ಹೆಚ್ಚೋ, ದೋಚಿದ್ದು ಹೆಚ್ಚೋ ಅಂತ ಕೇಳಿದ್ದೀಯ. ಉತ್ತರಕ್ಕೆ ಮೊದಲು ನಿಮ್ಮ ಹೊಲದ ಪಹಣಿ ತೆಗೆದು ನೋಡು, ಅವರ ಅಳತೆ ಇನ್ನೂ ಅದರಲ್ಲಿದೆ. ವಿಸ್ತೀರ್ಣ 2-20 ಅಂತಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನು 2.20 ಅಂತ ದಶಮಾಂಶದಲ್ಲಿ ಓದಿ ವ್ಯಾಪಾರ ಮಾಡಿದರೆ 12 ಗುಂಟೆ ಕೈಬಿಟ್ಟ ಹಾಗೆ.

ಈ ಲೆಕ್ಕ ಹುಟ್ಟಿದ್ದು ಬ್ರಿಟಿಷರ ಮುಂಬೈ ಪ್ರಾಂತ್ಯದ ಭೂಸರ್ವೆಯ ಸರಪಳಿಯಿಂದ. ಉದ್ದ 33 ಅಡಿ, ಅದರಲ್ಲಿ ಆಣೆ ಎಂಬ 16 ಸಮಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, 1,089 ಚದರಡಿ: ಒಂದು ಗುಂಟೆ. ಅಂಥ 40 ಕೂಡಿದರೆ ಎಕರೆ. ಎಳೆದೆಳೆದು ಕೊಂಡಿ ಸಡಿಲಾಗಿ ಸರಪಳಿ ಅರ್ಧ ಅಡಿ ಹಿಗ್ಗಿತು ಅನ್ನು, ಹತ್ತು ಎಕರೆ ಹೊಲ ದಾಖಲೆಯಲ್ಲಿ ಸುಮಾರು 12 ಗುಂಟೆ ಕಡಿಮೆ ಬೀಳುತ್ತದೆ. ಸರಪಳಿಯನ್ನು ಆಗಾಗ ಅಳತೆಗೆ ಹಿಡಿದು ನೋಡಬೇಕಾದದ್ದು ಅದಕ್ಕೇ.

ಈ ಪದ್ಧತಿಗೂ ಮೊದಲು ಪ್ರಿಂಗಲ್ ಎಂಬ ಅಧಿಕಾರಿ ಪುಣೆಯ ಕಡೆ ನಿವ್ವಳ ಬೆಳೆಯ ನೂರಕ್ಕೆ 55 ಪಾಲನ್ನು ಕಂದಾಯವೆಂದು ನಿಗದಿ ಮಾಡಿದ್ದ. ಭಾರ ತಾಳದೆ ರೈತರು ಹೊಲ ಬಿಟ್ಟರು. 1836ರ ಹೊತ್ತಿಗೆ ಅದೇ ಕಡೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಬೇರೆ ದಾರಿ ಹಿಡಿದರು: ಗುಂಡಿ ತೋಡಿ ಮಣ್ಣು ನೋಡುವುದು. ಕರಿ ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಪೂರ್ತಿ 16 ಆಣೆ ಬೆಲೆ, ಅಂದರೆ ಮೇಲಿನ ದರ್ಜೆ. ಒಂದು ಮೊಳಕ್ಕೆ 10, ಅರ್ಧ ಮೊಳಕ್ಕೆ 6. ಮರಳು ಬೆರೆತಿದ್ದರೆ, ಸುಣ್ಣದ ಹರಳಿದ್ದರೆ, ನೆಲ ಇಳಿಜಾರಾಗಿದ್ದರೆ ಒಂದೊಂದು ದೋಷಕ್ಕೂ ದರ್ಜೆ ಕೆಳಗಿಳಿಯುತ್ತಿತ್ತು. ಕಂದಾಯ 30 ವರ್ಷ ಖಾಯಂ, ನಡುವೆ ನೀನು ಬಾವಿ ತೋಡಿದರೂ ಹೆಚ್ಚಿಸುವಂತಿಲ್ಲ. ನನ್ನ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯ ಕೆಲಸ. ವಿಂಗೇಟ್ ಇದನ್ನೇ ಧಾರವಾಡ ಸೀಮೆಗೆ ತಂದ. ಮೈಸೂರು ಸೀಮೆಯಲ್ಲಿ 1863ರಲ್ಲಿ ಶುರುವಾಯಿತು.

ಆದರೆ ಅಳೆದದ್ದು ವಸೂಲಿಗಾಗಿ. ಮಳೆ ಬರಲಿ ಬಿಡಲಿ, ಕಂತಿಗೆ ನಗದು ಕಟ್ಟಬೇಕು. ಸರ್ವೆ ನಂಬರು ಬಿದ್ದ ಹೊಲವನ್ನು ಮಾರಬಹುದು, ಅಡವಿಡಬಹುದು. ಹಾಗಾಗಿ ಸಾಲ ಸುಲಭವಾಗಿ ಹುಟ್ಟಿತು, ಹೊಲ ಸುಲಭವಾಗಿ ಕೈಬಿಟ್ಟಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಧಾರಣೆ ಇಳಿಯಿತು, ಅದೇ ಸುಮಾರಿಗೆ ದಖ್ಖನ್ನಿನಲ್ಲಿ 30 ವರ್ಷದ ಅವಧಿ ಮುಗಿದು ಕಂದಾಯ ಏರಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅಲ್ಲಿಂದ ಊರೂರಿಗೆ ಹಬ್ಬಿದ ದಂಗೆಯಲ್ಲಿ ಅವರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ಅದಕ್ಕಾಗಿ ಸರ್ಕಾರ 1879ರಲ್ಲಿ ಸಾಲಗಾರ ರೈತರ ನೆರವಿಗೆ ಕಾಯ್ದೆಯನ್ನೇ ತರಬೇಕಾಯಿತು. ಹೀಗಿರುವಾಗ ಕೊಟ್ಟದ್ದು, ದೋಚಿದ್ದು ಅಂತ ಎರಡು ಖಾತೆ ಬರೆಯಲು ನನ್ನಿಂದಾಗದು.

ಇನ್ನೊಂದು ಮಾತು. ಇದೇ ವಿಂಗೇಟ್ 1859ರಲ್ಲಿ ಕಿರುಹೊತ್ತಿಗೆಯೊಂದನ್ನು ಬರೆದು, ಭಾರತದಿಂದ ಇಂಗ್ಲೆಂಡಿಗೆ ಹೋಗುವ ಹಣವನ್ನು ಕಪ್ಪವೆಂದೇ ಕರೆದ. ತೆರಿಗೆ ಎತ್ತಿದ ನಾಡಿನಲ್ಲೇ ಖರ್ಚಾದರೆ ಅದು ಜನರ ನಡುವೆ ಮತ್ತೆ ಓಡಾಡುತ್ತದೆ, ಹೊರಗೆ ಹೋದರೆ ಹೋಯಿತು ಎಂಬುದು ಅವನ ವಾದ. ಮುಂದೆ ದಾದಾಭಾಯಿ ನವರೋಜಿ ಸಂಪತ್ತಿನ ಸೋರಿಕೆಯ ಲೆಕ್ಕ ಹಾಕುವಾಗ ಅವನ ಮಾತನ್ನೂ ಸಾಕ್ಷಿಗೆ ಕರೆದರು. ಕಂದಾಯ ನಿಗದಿ ಮಾಡಿದ ಕೈಯೇ ಬರೆದ ಸಾಕ್ಷಿ ಅದು.

ನಿಮ್ಮ ಹೊಲದ ಪೋಡಿಗೆ, ಅಂದರೆ ಸರ್ವೆ ನಂಬರನ್ನು ಭಾಗ ಮಾಡಿಸುವುದಕ್ಕೆ, ಅರ್ಜಿ ಹಾಕುವ ಮೊದಲು ಟಿಪ್ಪಣಿ (ಮೂಲ ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯಗಳ ಪಟ್ಟಿ) ಎರಡರ ನಕಲೂ ತೆಗೆಸಿ ಪಹಣಿಯ ಜೊತೆ ಹೋಲಿಸಿ ನೋಡು. ಖರಾಬಿನ, ಅಂದರೆ ಸಾಗುವಳಿಗೆ ಬಾರದ ನೆಲದ, ಗುಂಟೆಗಳಲ್ಲಿ ವ್ಯತ್ಯಾಸ ಕಂಡರೆ ನನಗೆ ಬರೆ.

ನಿನ್ನ ಗೆಳೆಯ